ಕರೆದ ದನಿ, ಬಂದ ಹಕ್ಕಿ

ಕಂಡ ಹಕ್ಕಿಗಳನ್ನೆಲ್ಲ ಬರೆದಿಡುವ ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೇ ಹಕ್ಕಿಯ ಬಗ್ಗೆ ಎರಡು ಸಾಲುಗಳಿವೆ. ಮೊದಲನೆಯದು ಪೆನ್ನಿನಲ್ಲಿ ಬರೆದದ್ದು. ಹೆಸರು, ದಿನ, ಸಮಯ, ಜಾಗ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿದೆ. ಪಕ್ಕದಲ್ಲಿ 'ಫೋಟೊ ಇದೆ' ಎಂಬ ಟಿಪ್ಪಣಿ. ಎರಡನೆಯದು ಪೆನ್ಸಿಲಿನಲ್ಲಿದೆ, ಮಂಜಿನ ತೇವಕ್ಕೆ ಅರ್ಧ ಅಳಿಸಿಹೋಗಿದೆ. ಅದರ ಕೊನೆಯ ಪದ 'ಬಹುಶಃ'. ಬಹಳ ದಿನ ಮೊದಲ ಸಾಲು ಹೆಮ್ಮೆಯದೆಂದೂ ಎರಡನೆಯದು ಅರೆಬರೆಯದೆಂದೂ ತಿಳಿದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ. ಯಾಕೆ ಅನ್ನಿಸುತ್ತಿಲ್ಲ ಎಂದು ಹೇಳಲು ಈ ಬರಹ.

ಹಕ್ಕಿಯ ಹೆಸರು ನೀಲಗಿರಿ ಶೋಲಾಕಿಳಿ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಬೆಟ್ಟಗಳಲ್ಲೂ ಇದೆ. ಈ ಬೆಟ್ಟಸಾಲಿನ ಎತ್ತರದ ಭಾಗವನ್ನು ನೀವು ನೋಡಿರಬಹುದು. ಬೆಟ್ಟದ ಮೈಯೆಲ್ಲ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಕೆಯಲ್ಲಿ, ನೀರು ಜಿನುಗುವ ಕಡೆ ಮಾತ್ರ ಕಪ್ಪಗೆ ಒತ್ತೊತ್ತಾಗಿ ಬೆಳೆದ ಕಾಡು. ಅದೇ ಶೋಲಾ ಕಾಡು. ಮರಗಳು ಗಾಳಿಗೆ ಕುಗ್ಗಿ ಗಿಡ್ಡವಾಗಿರುತ್ತವೆ. ಕೊಂಬೆಗಳ ಮೇಲೆಲ್ಲ ಪಾಚಿ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಹತ್ತು ಹೆಜ್ಜೆ ಇಟ್ಟರೆ ಸಂಜೆ ಆರು ಗಂಟೆಯಾದಂತೆ. ಈ ಸಂಜೆಯಲ್ಲಿ, ಮೊಣಕಾಲೆತ್ತರದ ಪೊದೆಗಳ ಬುಡದಲ್ಲಿ, ತರಗೆಲೆ ಕೆದಕಿ ಹುಳು ಹೆಕ್ಕುತ್ತ ನಮ್ಮ ಹಕ್ಕಿ ಬದುಕುತ್ತದೆ. ಗುಬ್ಬಿಯಷ್ಟೇ ಗಾತ್ರ, ಉದ್ದನೆಯ ಕಾಲು, ಮೋಟು ಬಾಲ. ಬೆನ್ನು ಮತ್ತು ಎದೆ ಸ್ಲೇಟಿನಂಥ ನೀಲಿ, ಪಕ್ಕೆ ಇಟ್ಟಿಗೆಗಂದು, ಹೊಟ್ಟೆಯ ನಡುವೆ ಒಂದಿಷ್ಟು ಬಿಳಿ. ಪುಸ್ತಕದ ಚಿತ್ರದಲ್ಲಿ ಬಹಳ ಚೆಂದದ ಹಕ್ಕಿ. ಕಾಡಿನಲ್ಲಿ ಅದು ಒಂದು ನೆರಳು.

ಇದರ ಹೆಸರಿನ ಕಥೆಯನ್ನು ಸ್ವಲ್ಪ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್ ಇದನ್ನು ಮೊದಲು ವಿಜ್ಞಾನದ ಲೆಕ್ಕಕ್ಕೆ ತಂದವನು. ಅವನು ಇದನ್ನು ಕೆಂಬಾಲದ ಹಕ್ಕಿಗಳ ಗುಂಪಿಗೆ ಸೇರಿಸಿದ. ಆಮೇಲೆ ಬಂದವರು, ಇಲ್ಲ, ಇದು ಮೋಟುರೆಕ್ಕೆಯ ಹಕ್ಕಿಗಳ ಜಾತಿ ಎಂದರು. ಮತ್ತೆ ಕೆಲವರು ರಾಬಿನ್ ಎಂದರು. ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬದಲಾಗುತ್ತಲೇ ಹೋಯಿತು. 2017ರಲ್ಲಿ ವಿ. ವಿ. ರಾಬಿನ್, ಸುಷ್ಮಾ ರೆಡ್ಡಿ, ಉಮಾ ರಾಮಕೃಷ್ಣನ್ ಮುಂತಾದ ಸಂಶೋಧಕರು ವಂಶವಾಹಿಗಳನ್ನು ಪರೀಕ್ಷಿಸಿ, ಇದು ಇದುವರೆಗೆ ಸೇರಿಸಿದ್ದ ಯಾವ ಗುಂಪಿಗೂ ಸೇರಿದ್ದಲ್ಲ, ನೊಣಹಿಡುಕ ಹಕ್ಕಿಗಳಿಗೆ ಹತ್ತಿರದ ನೆಂಟ, ಪಶ್ಚಿಮ ಘಟ್ಟದ ಶೋಲಾಗಳಲ್ಲೇ ಬೇರೆಯಾಗಿ ಬೆಳೆದ ಕುಲ ಎಂದು ತೋರಿಸಿದರು. ಹೊಸ ಕುಲಕ್ಕೆ ಶೋಲಿಕೋಲಾ ಎಂದು ಹೆಸರಿಟ್ಟರು, ಶೋಲಾವಾಸಿ ಎಂದರ್ಥ. ಆಡುಮಾತಿಗೆ ಶೋಲಾಕಿಳಿ. ಮಲಯಾಳದಲ್ಲಿ ಕಿಳಿ ಎಂದರೆ ಹಕ್ಕಿ. ಕನ್ನಡದ ಕಿವಿಗೆ ಅದು ಗಿಳಿ ಎಂದು ಕೇಳಿಸಿ, ತರಗತಿಯಲ್ಲಿ ನಾನು ಈ ಹೆಸರು ಹೇಳಿದಾಗಲೆಲ್ಲ ಮಕ್ಕಳು ಹಸಿರು ಬಣ್ಣದ ಹಕ್ಕಿಯನ್ನೇ ಊಹಿಸಿಕೊಳ್ಳುತ್ತಾರೆ.

ಅಂದರೆ, ಹಕ್ಕಿಯನ್ನು ಕೈಯಲ್ಲಿ ಹಿಡಿದು, ಅಳೆದು, ತೂಗಿ ನೋಡಿದವರಿಗೇ ಅದು ಯಾರೆಂದು ಹೇಳಲು ನೂರೆಪ್ಪತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು. ಸಂಜೆಗತ್ತಲಿನಲ್ಲಿ ಅರೆಗಳಿಗೆ ಕಂಡ ನಾನು ಎಷ್ಟರವನು?

ಆದರೆ ನನಗೆ ಅದನ್ನು ನೋಡಲೇಬೇಕಿತ್ತು. ಮೂರು ವರ್ಷ ಹೋದೆ. ಇಂಬಳ ಹತ್ತಿಸಿಕೊಂಡು, ಮಂಜಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತ, ಶೋಲಾದ ಅಂಚಿನಲ್ಲಿ ಕೂತೆ. ಒಮ್ಮೆ ಜನವರಿಯಲ್ಲಿ ಪೊದೆಯ ಬುಡದಲ್ಲಿ ನೀಲಿ ಬೆನ್ನು, ಕಂದು ಹೊಟ್ಟೆ ಕಂಡು ಎದೆ ಹಾರಿತು. ಮನೆಗೆ ಬಂದು ಪುಸ್ತಕ ತೆರೆದರೆ ಅದು ಇಂಡಿಯನ್ ಬ್ಲೂ ರಾಬಿನ್, ಹಿಮಾಲಯದಿಂದ ಚಳಿಗಾಲ ಕಳೆಯಲು ಬರುವ ಅತಿಥಿ. ಅದರ ಗಂಟಲು, ಎದೆಯೂ ಕಂದು, ಕಣ್ಣಿನ ಮೇಲೆ ಎದ್ದುಕಾಣುವ ಬಿಳಿ ಹುಬ್ಬು. ಇನ್ನೊಮ್ಮೆ ನೀಲಿ ಮೈ, ಬಿಳಿ ಹೊಟ್ಟೆ ಕಂಡಿತು. ಅದು ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಪಕ್ಕೆಯಲ್ಲಿ ಕಂದು ಇರಲಿಲ್ಲ. ಎರಡು ಸಲವೂ ಬೆಟ್ಟ ಇಳಿಯುವಾಗ ನಾನು ಶೋಲಾಕಿಳಿ ಕಂಡೆನೆಂದೇ ನಂಬಿದ್ದೆ. ನಂಬಬೇಕೆಂದು ಬಯಸಿದ್ದೆ ಎನ್ನುವುದು ಹೆಚ್ಚು ಸರಿ.

ಆ ಶೋಲಾದ ಕೆಳಗಿನ ಕಾಫಿ ತೋಟದ ರೈಟರು ನನ್ನನ್ನು ನೋಡಿ ನಗುತ್ತಿದ್ದರು. ಹಕ್ಕಿಯ ವರ್ಣನೆ ಹೇಳಿ, ಇದನ್ನು ಕಂಡಿದ್ದೀರಾ ಎಂದು ಕೇಳಿದೆ. "ಅಂಥದ್ದು ನೋಡಿದ ನೆನಪಿಲ್ಲ ಮೇಷ್ಟ್ರೇ. ಮಳೆ ಹಿಡಿಯೋ ಮುಂಚೆ ಬೆಳಗ್ಗೆ ಬೆಳಗ್ಗೆ ಒಂದು ಸಣ್ಣಗೆ ಕೂಗ್ತದೆ ನೋಡಿ, ಅದೇ ಇರಬೌದು. ನೋಡಿ ಏನ್ ಮಾಡ್ತೀರಿ?" ಎಂದರು. ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗುತ್ತದೆ ಎಂದು ಅವರಿಗೆ ಹೇಳಲು ನಾಚಿಕೆಯಾಯಿತು.

ನಾಲ್ಕನೆಯ ವರ್ಷ, ಮೇ ತಿಂಗಳ ಮೊದಲ ವಾರ, ಒಬ್ಬ ಗೆಳೆಯನ ಜೊತೆ ಹೋದೆ. ನನಗಿಂತ ಅನುಭವಿ, ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡವನು. ಅರ್ಧ ಗಂಟೆ ಕೂತ ಮೇಲೆ ಅವನು ಜೇಬಿನಿಂದ ಫೋನು ಮತ್ತು ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಪೀಕರ್ ತೆಗೆದ. "ಹೀಗೆ ಕೂತರೆ ನಿವೃತ್ತಿ ಆಗೋವರೆಗೂ ಕೂತಿರ್ತೀಯ" ಎಂದು ಸ್ಪೀಕರನ್ನು ಒಂದು ಬೇರಿನ ಸಂದಿಯಲ್ಲಿಟ್ಟ. ಅದರಿಂದ ಸಣ್ಣ ಸಿಳ್ಳೆ, ನಡುನಡುವೆ ಜೀರುಂಡೆಯಂತೆ ಗುಯ್‌ಗುಡುವ ದನಿ ಹೊರಟಿತು. ನೀಲಗಿರಿಯಲ್ಲಿ ಯಾರೋ ಮುದ್ರಿಸಿದ ಶೋಲಾಕಿಳಿಯ ಹಾಡು.

ಎರಡು ನಿಮಿಷವೂ ಆಗಿರಲಿಲ್ಲ. ಮೂರು ವರ್ಷ ಕಾಣದ ಹಕ್ಕಿ ನನ್ನಿಂದ ಎಂಟು ಅಡಿ ದೂರದಲ್ಲಿ, ಬಯಲಾದ ಒಂದು ಕೊಂಬೆಯ ಮೇಲೆ ಬಂದು ಕೂತಿತು. ನೀಲಿ ಎದೆ, ಕಂದು ಪಕ್ಕೆ, ಹೊಟ್ಟೆಯ ಬಿಳಿ, ಕಣ್ಣಿನ ಮುಂದಿನ ಕಪ್ಪು, ಎಲ್ಲವೂ ಪುಸ್ತಕದಲ್ಲಿದ್ದಂತೆಯೇ. ಗೆಳೆಯನ ಕ್ಯಾಮೆರಾ ಟಕಟಕ ಎಂದಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಸಂತೋಷ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಸಂತೋಷವಾಯಿತು.

ಹಕ್ಕಿ ಮಾತ್ರ ಸಂತೋಷದಲ್ಲಿರಲಿಲ್ಲ. ಕೊಂಬೆಯಿಂದ ನೆಲಕ್ಕೆ, ನೆಲದಿಂದ ಬೇರಿಗೆ ಹಾರಿತು. ಸ್ಪೀಕರ್ ಇದ್ದ ಸಂದಿಯ ಸುತ್ತ ಎರಡು ಸುತ್ತು ಹಾಕಿತು. ಗರಿ ಉಬ್ಬಿಸಿ, ಬಾಲ ಬಿಚ್ಚಿ, ಮತ್ತೆ ಮತ್ತೆ ಹಾಡಿತು. ಐದು ನಿಮಿಷದ ನಂತರ ಗೆಳೆಯ ದನಿ ನಿಲ್ಲಿಸಿದ. ನಾವು ಚೀಲ ಕಟ್ಟಿಕೊಂಡು, ಫ್ಲಾಸ್ಕಿನ ಕಾಫಿ ಕುಡಿದು, ಹೊರಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಅದು ಆಗಲೂ ಹಾಡುತ್ತಲೇ ಇತ್ತು. ಅಲ್ಲಿ ಇಲ್ಲದ, ಯಾವತ್ತೂ ಬಂದಿರದ ಒಬ್ಬ ವೈರಿಗೆ, ಇದು ನನ್ನ ಜಾಗ, ಇಲ್ಲಿಂದ ಹೊರಡು ಎಂದು ಹೇಳುತ್ತಲೇ ಇತ್ತು.

ಹಕ್ಕಿಯ ಹಾಡು ನಮಗೆ ಹಾಡು. ಗಂಡು ಹಕ್ಕಿಗೆ ಅದು ಗಡಿ. ಏಪ್ರಿಲ್, ಮೇ ತಿಂಗಳು ಗೂಡಿನ ಕಾಲ. ಮರದ ಪೊಳ್ಳಿನಲ್ಲೋ ಮಣ್ಣಿನ ದರೆಯ ಸಂದಿಯಲ್ಲೋ ಪಾಚಿ, ನಾರು ಸೇರಿಸಿ ಕಟ್ಟಿದ ಗೂಡಿರುತ್ತದೆ. ಆ ಹೊತ್ತಿನಲ್ಲಿ ತನ್ನ ಜಾತಿಯ ಇನ್ನೊಂದು ಗಂಡಿನ ದನಿ ಅಂಗಳದಲ್ಲೇ ಕೇಳಿದರೆ, ಅದು ಹುಳು ಹೆಕ್ಕುವುದನ್ನು ಬಿಟ್ಟು, ಹದ್ದು ಹಾವುಗಳ ಭಯ ಬಿಟ್ಟು, ಬಯಲಿಗೆ ಬರಲೇಬೇಕು. ನಾವು ಹಕ್ಕಿಗೆ ತೋರಿಸಿದ್ದು ಇದನ್ನು. ಮನೆಯಲ್ಲಿ ಎಳೆಮಗು ಇರುವವನ ಬಾಗಿಲು ಬಡಿದು, 'ನಿನ್ನ ಮನೆ ನನ್ನದು' ಎಂದು ಕೂಗಿ, ಅವನು ಗಾಬರಿಯಿಂದ ಹೊರಬಂದಾಗ ಫೋಟೊ ತೆಗೆದು ಓಡಿಬಂದ ಹಾಗೆ.

ಬೆಟ್ಟ ಇಳಿಯುವಾಗ ಇದನ್ನು ಗೆಳೆಯನಿಗೆ ಹೇಳಿದೆ. ಅವನು ನಕ್ಕ. ಅವನ ವಾದವನ್ನು ಅವನದೇ ಬಲದಲ್ಲಿ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ತಳ್ಳಿಹಾಕುವಂಥದ್ದು ಹೆಚ್ಚೇನಿಲ್ಲ. "ಆ ಹಕ್ಕಿಗೆ ದಿನಕ್ಕೆ ಹತ್ತು ಸಲ ನಿಜವಾದ ವೈರಿಗಳ ಜೊತೆ ಜಗಳ ಇರುತ್ತೆ. ಹನ್ನೊಂದನೇದು ನಮ್ಮದು. ಐದು ನಿಮಿಷ. ನಾವು ಗೂಡು ಕಿತ್ತಿಲ್ಲ, ಮರಿ ಮುಟ್ಟಿಲ್ಲ. ಅಲ್ಲಿ ಕಾಡು ಸವರಿ ರೆಸಾರ್ಟ್ ಕಟ್ಟೋರಿಗೆ ಇಲ್ಲದ ಪಾಪಪ್ರಜ್ಞೆ ನಿನಗ್ಯಾಕೆ? ಇದು ಹಕ್ಕಿ ಮೇಲಿನ ಕರುಣೆ ಅಲ್ಲ, ನಿನ್ನ ಮನಸ್ಸು ಚೊಕ್ಕಟವಾಗಿದೆ ಅಂತ ನೀನೇ ನೋಡಿಕೊಳ್ಳೋ ಆಸೆ."

ಕೊನೆಯ ಮಾತು ನಾಟಿತು. ಹಾನಿಯನ್ನೇ ತಕ್ಕಡಿಯಲ್ಲಿಟ್ಟು ತೂಗಿದರೆ ಗೆಳೆಯ ಗೆಲ್ಲುತ್ತಾನೆ. ಐದು ನಿಮಿಷದ ದನಿಯಿಂದ ಒಂದು ಹಕ್ಕಿಗೆ ಆಗುವ ನಷ್ಟ, ಒಂದು ಮರ ಉರುಳಿದಾಗ ಆಗುವ ನಷ್ಟದ ಹತ್ತಿರವೂ ಬರುವುದಿಲ್ಲ. ಅವನಂತೆಯೇ ನೂರು ಜನ ಬಂದು ನೂರು ಐದು ನಿಮಿಷ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ, ಒಪ್ಪಿದೆ. ಆದರೆ ಅಂದು ನಾವು ಇಬ್ಬರೇ. ಹಾಗಿದ್ದರೂ ನನಗೆ ಏನೋ ತಪ್ಪಾಗಿದೆ ಅನ್ನಿಸಿದ್ದು ಯಾಕೆ?

ನಾನು ಹುಟ್ಟಿದ್ದು ಇದೇ ಜಿಲ್ಲೆಯ ಬಯಲುಸೀಮೆಯ ಕಡೆ. ಚಿಕ್ಕಂದಿನಲ್ಲಿ ನಮ್ಮೂರ ಹೊರಗೆ ಗೌಜಲಹಕ್ಕಿ ಹಿಡಿಯುವವರು ಬರುತ್ತಿದ್ದರು. ಪಳಗಿಸಿದ ಒಂದು ಗೌಜಲನ್ನು ಪಂಜರದಲ್ಲಿಟ್ಟು, ಸುತ್ತ ಉರುಳು ಹಾಸಿ, ದೂರ ಕೂರುತ್ತಿದ್ದರು. ಪಂಜರದ ಹಕ್ಕಿ ಕೂಗಿದರೆ ಕಾಡಿನ ಹಕ್ಕಿ ಜಗಳಕ್ಕೆ ಬರುತ್ತಿತ್ತು, ಬಂದು ಸಿಕ್ಕಿಬೀಳುತ್ತಿತ್ತು. ಹೀಗೆ ತನ್ನ ಜಾತಿಯನ್ನೇ ಬಲೆಗೆ ಸೆಳೆಯಲು ಸಾಕಿದ ಪ್ರಾಣಿಗೆ ಹಳೆಯ ಕನ್ನಡದಲ್ಲಿ 'ದೀವ' ಎಂಬ ಹೆಸರೇ ಇದೆ. ಮಾತು ಹುಟ್ಟುವಷ್ಟು ಹಳೆಯ ವಿದ್ಯೆ ಇದು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬುದನ್ನು ವಿವರಿಸುವಾಗ ಕೊಲ್ಲುವುದನ್ನಷ್ಟೇ ಹೇಳುವುದಿಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನ ಕೂಡ ಅದರಲ್ಲಿ ಸೇರುತ್ತವೆ. ಫೋನಿನ ದನಿ ಆಮಿಷವೋ ಅಲ್ಲವೋ ಎಂಬುದನ್ನು ವಕೀಲರಿಗೆ ಬಿಡೋಣ. ಗೌಜಲು ಹಿಡಿಯುವವರು ಹೊಟ್ಟೆಪಾಡಿಗೆ ಮಾಡುತ್ತಿದ್ದುದನ್ನೇ ನಾವು ಪಟ್ಟಿಗಾಗಿ ಮಾಡಿದೆವು ಎಂಬುದು ಮಾತ್ರ ನನಗೆ ಅಂದು ರಾತ್ರಿ ಹೊಳೆಯಿತು. ನಮ್ಮ ಉರುಳಿಗೆ ಹಗ್ಗ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ದನಿಯಿಂದ ಆದ ಎರಡು ಅನಾಹುತಗಳ ಮೇಲೆ ನಮ್ಮ ರಾಮಾಯಣವೇ ನಿಂತಿದೆ. ಮಾಸ್ತರಿಕೆಯಲ್ಲಿ ಎಷ್ಟೋ ಸಲ ಪಾಠ ಮಾಡಿದ ಕಥೆಗಳು. ಅವು ಹಕ್ಕಿ ನೋಡುವವರ ಕಥೆಗಳೂ ಹೌದು ಎಂದು ಈಚೆಗೆ ಅನ್ನಿಸತೊಡಗಿದೆ.

ಒಂದು ಮಾರೀಚನದು. ಬಾಣ ತಗುಲಿ ಬೀಳುವಾಗ ಅವನು ರಾಮನ ದನಿಯಲ್ಲಿ ಲಕ್ಷ್ಮಣನನ್ನು ಕೂಗುತ್ತಾನೆ. ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಲಕ್ಷ್ಮಣ ಮೋಸ ಹೋಗುವುದಿಲ್ಲ. ಅದು ಅಣ್ಣನ ದನಿಯಲ್ಲ, ರಾಕ್ಷಸರ ಮಾಯೆ ಎಂದು ಅವನು ಸರಿಯಾಗಿಯೇ ಗುರುತಿಸುತ್ತಾನೆ. ಆದರೂ ಹೋಗಬೇಕಾಗುತ್ತದೆ. ಸೀತೆಯ ಭಯ ಅವನನ್ನು ಅಲ್ಲಿ ನಿಲ್ಲಗೊಡುವುದಿಲ್ಲ. ಸುಳ್ಳು ದನಿಯ ಕ್ರೌರ್ಯ ಇರುವುದು ಇಲ್ಲಿ. ಅದು ನಂಬುವವರ ದಡ್ಡತನವನ್ನು ಬಳಸಿಕೊಳ್ಳುವುದಿಲ್ಲ, ಅವರು ಯಾವುದನ್ನು ಅತಿ ಹೆಚ್ಚು ಪ್ರೀತಿಸುತ್ತಾರೋ ಅದನ್ನು ಬಳಸಿಕೊಳ್ಳುತ್ತದೆ. ಶೋಲಾಕಿಳಿ ನಮ್ಮೆದುರು ಬಂದದ್ದು ದಡ್ಡತನದಿಂದಲ್ಲ. ಬೇರೆ ಬೇರೆ ಬೆಟ್ಟಗಳಲ್ಲಿ ಬೇರ್ಪಟ್ಟು ಉಳಿದ ಹಕ್ಕಿಗಳ ಹಾಡಿನಲ್ಲಿ ವ್ಯತ್ಯಾಸ ಇರುತ್ತದೆ ಎಂದು ಇದರ ದಕ್ಷಿಣದ ಸೋದರ ಜಾತಿಯಾದ ಬಿಳಿಹೊಟ್ಟೆಯ ಶೋಲಾಕಿಳಿಯ ಮೇಲೆ ನಡೆದ ಅಧ್ಯಯನ ಹೇಳುತ್ತದೆ. ಹಾಗಿರುವಾಗ ನಮ್ಮ ಫೋನಿನ ನೀಲಗಿರಿಯ ದನಿ ಈ ಬೆಟ್ಟದ ಹಕ್ಕಿಗೆ ಎಲ್ಲಿಯದೋ ಎಂದು ಕೇಳಿಸಿರಲೂಬಹುದು. ಆದರೆ ಗೂಡು ಕಟ್ಟಿದವನಿಗೆ ಪರೀಕ್ಷಿಸಿ ನೋಡುತ್ತ ಕೂರುವ ಬಿಡುವಿಲ್ಲ. ಸುಳ್ಳೆಂದು ಕೂತು ಅದು ನಿಜವಾದರೆ ಎಲ್ಲ ಹೋಯಿತು. ಹೆಚ್ಚು ಜವಾಬ್ದಾರಿ ಇರುವವನನ್ನೇ ಸುಳ್ಳು ಹೆಚ್ಚು ಸುಲಭವಾಗಿ ಎಳೆಯುತ್ತದೆ.

ಇನ್ನೊಂದು ದಶರಥನದು. ಕತ್ತಲಲ್ಲಿ, ಸರಯೂ ನದಿಯ ದಂಡೆಯಲ್ಲಿ, ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ಬಾಣ ಬಿಡುತ್ತಾನೆ. ಸತ್ತವನು ಕುರುಡ ತಂದೆತಾಯಿಯ ಮಗ. ದಶರಥನ ವಿದ್ಯೆಯಲ್ಲಿ ದೋಷ ಇರಲಿಲ್ಲ. ಅವನು ಶಬ್ದವೇಧಿ, ಬಾಣ ಸದ್ದಿನ ಮೂಲಕ್ಕೇ ಕರಾರುವಾಕ್ಕಾಗಿ ಹೋಗಿ ತಾಗಿತು. ತಪ್ಪಿದ್ದು ಆ ಸದ್ದಿಗೆ ಅವನು ಕೊಟ್ಟ ಹೆಸರು. 'ಇದು ಆನೆ' ಎಂಬುದಕ್ಕೂ 'ಇದು ಬಹುಶಃ ಆನೆ' ಎಂಬುದಕ್ಕೂ ನಡುವೆ ಒಂದು ಜೀವ ಇತ್ತು.

ಮಾರೀಚನ ತಪ್ಪು ಸುಳ್ಳು ದನಿ ಹೊರಡಿಸಿದ್ದು. ದಶರಥನ ತಪ್ಪು ಕೇಳಿದ ದನಿಗೆ ಅವಸರದಲ್ಲಿ ಹೆಸರು ಇಟ್ಟದ್ದು. ಮೊದಲನೆಯದನ್ನು ನಾನು ಆಗಲೇ ಮಾಡಿದ್ದೆ. ಎರಡನೆಯದರ ಪರೀಕ್ಷೆ ಮುಂದೆ ಕಾದಿತ್ತು.

ಮರುವರ್ಷ ಮೇ ತಿಂಗಳಲ್ಲಿ ಒಬ್ಬನೇ ಹೋದೆ. ಫೋನನ್ನು ತೋಟದ ಆಫೀಸಿನಲ್ಲೇ ಬಿಟ್ಟೆ. ಪ್ರಾಯಶ್ಚಿತ್ತ ಎಂಬಂಥ ದೊಡ್ಡ ಮಾತೇನೂ ಬೇಡ, ಜೇಬಿನಲ್ಲಿದ್ದರೆ ಕೈ ಹೋಗುತ್ತದೆ ಎಂಬ ಭಯವಷ್ಟೇ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ಶೋಲಾ, ಮೊದಲಿನದಕ್ಕಿಂತ ಚಿಕ್ಕದು. ಮೂರು ಬೆಳಗ್ಗೆ ಕೂತೆ. ಮೊದಲ ದಿನ ಮಲಬಾರ್ ಸಿಳ್ಳಾರದ ಸಿಳ್ಳೆ ಬಿಟ್ಟು ಬೇರೇನೂ ಇಲ್ಲ. ಬೆಳಗಿನ ದಾರಿಯಲ್ಲಿ ಮನಸ್ಸಿಗೆ ಬಂದ ಹಾಡನ್ನು ಗುನುಗುತ್ತ ಹೋಗುವ ಹುಡುಗನಂತೆ ಹಾಡುವ ಆ ಹಕ್ಕಿಯನ್ನು ಕೇಳಿಯೂ ಕೇಳದಂತೆ ಕೂತಿದ್ದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಎರಡನೆಯ ದಿನ ಮಳೆ. ಮೂರನೆಯ ದಿನ, ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ, ಪೊದೆಯೊಳಗಿಂದ ಆ ಸಣ್ಣ ಸಿಳ್ಳೆ, ಆ ಗುಯ್‌ಗುಡುವ ದನಿ ಕೇಳಿತು. ನಾಲ್ಕೈದು ಸಲ, ಆರಾಮವಾಗಿ. ಹಿಂದಿನ ವರ್ಷ ಕೇಳಿದ ಅವಸರ, ಗಾಬರಿ ಇದರಲ್ಲಿ ಇರಲಿಲ್ಲ. ಆಮೇಲೆ ತರಗೆಲೆ ಸದ್ದು. ಎರಡು ಕಾಂಡಗಳ ನಡುವೆ ಏನೋ ಜಿಗಿಯಿತು. ಕಂದು ಪಕ್ಕೆಯ ಒಂದು ತುಣುಕು ಕಂಡಂತಾಯಿತು. ಅಷ್ಟೇ.

ಅಲ್ಲೇ ಕೂತು ಪೆನ್ಸಿಲಿನಲ್ಲಿ ಬರೆದೆ: 'ಹಾಡು ಕೇಳಿದೆ. ಕಂಡದ್ದು ಕಂದು ಪಕ್ಕೆ ಮಾತ್ರ. ಎದೆ ಕಾಣಲಿಲ್ಲ. ಶೋಲಾಕಿಳಿ, ಬಹುಶಃ.' ಹಾಡನ್ನು ಚೆನ್ನಾಗಿ ಬಲ್ಲವರು ಅಷ್ಟಕ್ಕೇ ಹೆಸರು ಬರೆಯಬಹುದಿತ್ತು. ಇ-ಬರ್ಡ್‌ನಂಥ ಜಾಗತಿಕ ಪಟ್ಟಿಗಳಲ್ಲಿ ಕೇಳಿ ಗುರುತಿಸಿದ ಹಕ್ಕಿಗೂ ಕಂಡ ಹಕ್ಕಿಯಷ್ಟೇ ಸ್ಥಾನ ಇದೆ. ಆದರೆ ಆ ಹಾಡನ್ನು ನಾನು ಕೇಳಿದ್ದು ಅದಕ್ಕೆ ಮೊದಲು ಒಂದೇ ಸಲ, ಅದೂ ಸ್ಪೀಕರಿನಿಂದ ಮತ್ತು ಸಿಟ್ಟಾದ ಒಂದು ಹಕ್ಕಿಯಿಂದ. ನನ್ನ ಕಿವಿಯ ಯೋಗ್ಯತೆ ನನಗೆ ಗೊತ್ತು. ಎರಡು ಸಲ ಕಣ್ಣೇ ಮೋಸ ಮಾಡಿದ್ದೂ ನೆನಪಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಮಳೆಗಾಲ ಕಳೆಯುತ್ತಲೇ, ಈ ಎರಡನೆಯ ಶೋಲಾದ ಅಂಚಿನಲ್ಲಿರುವ ದಾರಿಯನ್ನು ಅಗಲ ಮಾಡುತ್ತಾರೆ ಎಂಬ ಸುದ್ದಿ ಬಂತು. ಅಗಲ ಮಾಡಿದರೆ ಕಾಡಿನ ಒಂದು ಪಟ್ಟಿ ಹೋಗುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮತ್ತು ಅವಳ ಗೆಳೆಯರು ಸೇರಿ ಮನವಿ ಬರೆಯಲು ಕೂತರು. ಅಲ್ಲಿ ಏನೇನಿದೆ ಎಂಬ ಪಟ್ಟಿ ಬೇಕು. ನೀಲಗಿರಿ ಶೋಲಾಕಿಳಿ ಅಳಿವಿನ ಅಂಚಿನಲ್ಲಿರುವ ಹಕ್ಕಿ ಎಂದು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಇದೆ. ಇಂಥ ಒಂದು ಹೆಸರು ಇದ್ದರೆ ಮನವಿಗೆ ತೂಕ ಬರುತ್ತದೆ. ಅವಳು ನನ್ನ ನೋಟ್‌ಬುಕ್ ತೆಗೆದುಕೊಂಡು ಹೋದಳು. ಮೂರು ದಿನ ಬಿಟ್ಟು ಫೋನ್ ಮಾಡಿದಳು.

"ಸರ್, ಈ 'ಬಹುಶಃ' ತೆಗೆದುಬಿಡ್ಲಾ?"

ನಾನು ಸುಮ್ಮನಿದ್ದೆ.

"ನೀವು ಹಾಡು ಕೇಳಿದ್ದೀರಿ, ಕಂದು ಬಣ್ಣ ನೋಡಿದ್ದೀರಿ. ಆ ಬೆಟ್ಟದಲ್ಲಿ ಹಕ್ಕಿ ಇರೋದಂತೂ ನಿಜ. ಇನ್ನೇನು ಬೇಕು ಸರ್? ಬಹುಶಃ ಅಂತ ಬರೆದ್ರೆ ಅವರು ಅದೊಂದನ್ನೇ ಹಿಡ್ಕೊಂಡು ಇಡೀ ಪಟ್ಟಿಯನ್ನೇ ಅನುಮಾನಿಸ್ತಾರೆ. ಇಲ್ಲಾಂದ್ರೆ ನಿಮ್ಮ ಫೋಟೊನೇ ಹಾಕೋಣ, ಎರಡೂ ಒಂದೇ ಬೆಟ್ಟ ತಾನೇ?"

ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಕೇಳಿದ್ದು ಸ್ವಾರ್ಥಕ್ಕಲ್ಲ. ಒಂದು ಪದ ತೆಗೆದರೆ ಒಂದು ಕಾಡು ಉಳಿಯುವ ಸಾಧ್ಯತೆ ಇತ್ತು. ನನ್ನ ಪಟ್ಟಿಗಾಗಿ ಹಕ್ಕಿಗೆ ಸುಳ್ಳು ಹೇಳಿದ್ದ ನಾನು, ಈಗ ಹಕ್ಕಿಗಾಗಿ ಮನುಷ್ಯರಿಗೆ ಒಂದು ಸುಳ್ಳು ಹೇಳಬಾರದೇ? ಅದೂ ಪೂರ್ತಿ ಸುಳ್ಳಲ್ಲ. ನೂರಕ್ಕೆ ಎಂಬತ್ತು ನಿಜವನ್ನು ನೂರು ಎಂದು ಹೇಳುವುದು. ಹಕ್ಕಿಯ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ?

ಯೋಚಿಸುತ್ತ ಹೋದಂತೆ ಎರಡು ಸಂಗತಿ ಸ್ಪಷ್ಟವಾದವು.

ಮೊದಲನೆಯದು, ನಾನು ಫೋನಿನ ದನಿಯನ್ನು ಯಾಕೆ ತಪ್ಪೆಂದೆ ಎಂಬುದು. ಹಾನಿಯ ಲೆಕ್ಕದಲ್ಲಿ ಗೆಳೆಯ ಗೆದ್ದಿದ್ದ. ಆದರೂ ತಪ್ಪು ಅನ್ನಿಸಿದ್ದು ಯಾಕೆಂದರೆ, ಹಕ್ಕಿಗಳ ಲೋಕದಲ್ಲಿ ಹಾಡು ಎಂಬುದಕ್ಕೆ ಒಂದು ಬೆಲೆ ಇದೆ. ಹಾಡು ಕೇಳಿದರೆ ಹಾಡುವವನು ಇದ್ದಾನೆ ಎಂಬ ನಂಬಿಕೆಯ ಮೇಲೆ ಅವುಗಳ ಗಡಿ, ಜಗಳ, ಸಂಸಾರ ನಡೆಯುತ್ತವೆ. ನಾವು ಅದರೊಳಗೆ ಖೋಟಾ ನಾಣ್ಯವೊಂದನ್ನು ಚಲಾವಣೆಗೆ ಬಿಟ್ಟೆವು. ಒಂದು ನಾಣ್ಯದಿಂದ ಯಾವ ಸಂತೆಯೂ ಮುಳುಗುವುದಿಲ್ಲ. ಆದರೆ ಖೋಟಾ ನಾಣ್ಯ ಕೊಟ್ಟವನು, ಸಂತೆ ಮುಳುಗಲಿಲ್ಲವಲ್ಲ ಎಂದು ಪ್ರಾಮಾಣಿಕನಾಗುವುದಿಲ್ಲ. ಮನುಷ್ಯರ ಲೋಕದಲ್ಲಿ 'ಕಂಡೆ' ಎಂಬ ಮಾತಿಗೂ ಅದೇ ಬೆಲೆ. ಅದನ್ನು ಕೇಳಿದವನು, ಹೇಳಿದವನು ಕಂಡಿದ್ದಾನೆ ಎಂದು ನಂಬುತ್ತಾನೆ. ಆ ನಂಬಿಕೆ ಇಲ್ಲದಿದ್ದರೆ ಜೆರ್ಡನ್‌ನಿಂದ 2017ರವರೆಗಿನ ಆ ದೀರ್ಘ ತಿದ್ದುಪಡಿ ನಡೆಯುತ್ತಲೇ ಇರಲಿಲ್ಲ. ಹಿಂದಿನವರು ತಪ್ಪು ಹೆಸರು ಇಟ್ಟಿರಬಹುದು. ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದರಿಂದಲೇ ಮುಂದಿನವರು ಹೆಸರನ್ನು ಸರಿಪಡಿಸಲು ಆಯಿತು.

ಎರಡನೆಯದು, ಫೋನು ಬಳಸುವುದೇ ಪಾಪ ಎಂಬ ನನ್ನ ನಿಲುವು ಅಷ್ಟು ಸರಳವಲ್ಲ ಎಂಬುದು. ಮುದ್ರಿಸಿದ ದನಿಯನ್ನು ಹಾಕಿ ಹಕ್ಕಿಗಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವುದು ಪಕ್ಷಿವಿಜ್ಞಾನದ ಒಂದು ಹಳೆಯ ಕ್ರಮ. ಪೊದೆಯೊಳಗೆ ಅಡಗಿರುವ ಹಕ್ಕಿಗಳು ಎಷ್ಟಿವೆ ಎಂದು ತಿಳಿಯಲು ಹಲವು ಸಲ ಬೇರೆ ದಾರಿಯೇ ಇರುವುದಿಲ್ಲ. ಎಷ್ಟಿವೆ ಎಂದು ತಿಳಿಯದೆ ಉಳಿಸುವುದೂ ಕಷ್ಟ. ಇಂಥವರಿಗೂ ನನಗೂ ವ್ಯತ್ಯಾಸ ಇರುವುದು ಉಪಕರಣದಲ್ಲಲ್ಲ. ಅವರು ಎಷ್ಟು ಹೊತ್ತು, ಯಾವಾಗ, ಎಷ್ಟು ಸಲ ದನಿ ಹಾಕಿದೆವು ಎಂದು ಬರೆದಿಡುತ್ತಾರೆ. ನಾನು 'ಫೋಟೊ ಇದೆ' ಎಂದಷ್ಟೇ ಬರೆದೆ. ಹಕ್ಕಿಯನ್ನು ಮೋಸಗೊಳಿಸಿದ್ದು ಒಂದು ತಪ್ಪು. ಅದನ್ನು ನೋಟ್‌ಬುಕ್ಕಿನಿಂದ ಮುಚ್ಚಿಟ್ಟದ್ದು ಇನ್ನೊಂದು. ಮೊದಲ ತಪ್ಪನ್ನು ಇನ್ನು ಬದಲಾಯಿಸಲು ಆಗುವುದಿಲ್ಲ. ಎರಡನೆಯದನ್ನು ಆಗುತ್ತದೆ.

ಮರುದಿನ ಅವಳಿಗೆ ಫೋನ್ ಮಾಡಿ ಹೇಳಿದೆ. 'ಬಹುಶಃ' ಇರಲಿ. ಫೋಟೊ ಹಾಕು, ಆದರೆ ಅದು ಪಕ್ಕದ ಶೋಲಾದ್ದು ಎಂದೂ ಮುದ್ರಿತ ದನಿ ಹಾಕಿ ಕರೆಸಿ ತೆಗೆದದ್ದು ಎಂದೂ ಕೆಳಗೆ ಬರೆ.

"ಅದನ್ನ್ಯಾಕೆ ಸರ್ ಬರೆಯೋದು? ಯಾರೂ ಕೇಳಲ್ಲ."

"ಯಾರೂ ಕೇಳಲ್ಲ, ಅದಕ್ಕೇ."

ಅವಳಿಗೆ ಬೇಸರವಾಯಿತು. ಒಂದು ಕಾಡಿಗಿಂತ ಒಂದು ಪದ ದೊಡ್ಡದಾಯಿತೇ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನಲ್ಲಿದ್ದ ಉತ್ತರ ಇಷ್ಟೇ. ಅವಳ ಪಟ್ಟಿಯಲ್ಲಿ ಉಳಿದ ಎಪ್ಪತ್ತು ಚಿಲ್ಲರೆ ಹಕ್ಕಿಗಳ ಮುಂದೆ 'ಬಹುಶಃ' ಇಲ್ಲ. ಒಂದರ ಮುಂದೆ ಅದು ಇದ್ದರೆ, ಉಳಿದವುಗಳ ಮುಂದೆ ಅದು ಇಲ್ಲದಿರುವುದಕ್ಕೆ ಅರ್ಥ ಬರುತ್ತದೆ. ಸಂಶಯವನ್ನು ಒಪ್ಪಿಕೊಳ್ಳಲು ಬಲ್ಲವನ ಖಾತ್ರಿಗೆ ಮಾತ್ರ ಬೆಲೆ. ಒಪ್ಪಿದಳೋ ಇಲ್ಲವೋ ತಿಳಿಯದು. ಆದರೆ ಪದವನ್ನು ಉಳಿಸಿದಳು. ಮನವಿಯ ಆ ಪುಟದ ಪ್ರತಿಯನ್ನು ನನಗೆ ಕಳಿಸಿದಾಗ, ಅದರ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಳು: 'ಈ ಹಕ್ಕಿ ಇಲ್ಲಿ ಇದೆಯೇ ಎಂದು ತಿಳಿದವರಿಂದ ಸಮೀಕ್ಷೆ ನಡೆಯುವವರೆಗೆ ಕೆಲಸ ನಿಲ್ಲಿಸಬೇಕು.' ನನಗೆ ಹೊಳೆಯದೇ ಇದ್ದ ಸಾಲು. 'ಇದೆ' ಎಂದು ಬರೆದಿದ್ದರೆ ಸಮೀಕ್ಷೆ ಕೇಳಲು ಕಾರಣವೇ ಇರುತ್ತಿರಲಿಲ್ಲ.

ದಾರಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕಡತ ಎಲ್ಲೋ ಇದೆ. ಸತ್ಯ ಹೇಳಿದ್ದಕ್ಕೆ ಕಾಡು ಉಳಿಯಿತು ಎಂದು ಮುಗಿಸಲು ನನಗೂ ಇಷ್ಟವಿತ್ತು, ಆದರೆ ಹಾಗೆ ಆಗಿಲ್ಲ. ನಾಳೆ ಅಲ್ಲಿ ಗರಗಸದ ಸದ್ದು ಕೇಳಿದರೆ, ಆ ಒಂದು ಪದ ತೆಗೆದಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಇರಬೇಕು.

ಗೆಳೆಯ ಈಗಲೂ ಸ್ಪೀಕರ್ ಒಯ್ಯುತ್ತಾನೆ. ಆದರೆ ಗೂಡಿನ ಕಾಲದಲ್ಲಿ ತೆಗೆಯುವುದಿಲ್ಲವಂತೆ. ನಾವು ಜಗಳವಾಡುತ್ತಲೇ ಒಟ್ಟಿಗೆ ಹೋಗುತ್ತೇವೆ. ಕಳೆದ ತಿಂಗಳು ನೋಟ್‌ಬುಕ್ ತೆರೆದು, ಪೆನ್ನಿನಲ್ಲಿ ಬರೆದ ಆ ಮೊದಲ ಸಾಲಿನ ಪಕ್ಕ, 'ಫೋಟೊ ಇದೆ' ಎಂಬುದರ ಮುಂದೆ, ಜಾಗ ಮಾಡಿಕೊಂಡು ಸಣ್ಣ ಅಕ್ಷರದಲ್ಲಿ ಬರೆದೆ: 'ದನಿ ಹಾಕಿ ಕರೆದದ್ದು. ಐದು ನಿಮಿಷ. ನಾವು ಹೊರಟಾಗಲೂ ಹಾಡುತ್ತಿತ್ತು.' ಪೆನ್ಸಿಲಿನ ಸಾಲನ್ನು ಮುಟ್ಟಲಿಲ್ಲ. ಈ ಮೇ ತಿಂಗಳಲ್ಲಿ ಮತ್ತೆ ಹೋಗಬೇಕು. ಆ ಹಾಡನ್ನು ಇನ್ನೂ ಹತ್ತು ಸಲ ಕೇಳಿದರೆ ನನ್ನ ಕಿವಿಗೂ ಅದು ಗುರುತು ಸಿಗಬಹುದು.